ಮಧುಮೇಹಿಯ ಹೃದಯ ಮತ್ತು ಹಿತಮಿತದ ನೇಮ



ನಮ್ಮ ಧರ್ಮದಲ್ಲಿ ಅಂಗಕ್ಕೆ ದೊಡ್ಡ ಸ್ಥಾನವುಂಟು. ಇಷ್ಟಲಿಂಗವನ್ನು ಧರಿಸುವುದು ಈ ಅಂಗದ ಮೇಲೆ. ಕಾಯಕ ನಡೆಯುವುದು ಈ ಅಂಗದಿಂದ. ದಾಸೋಹಕ್ಕಾಗಿ ದುಡಿಯುವ ಕೈಗಳೂ ಈ ಅಂಗದವೇ. ದೇಹವನ್ನು ಸುಮ್ಮನೆ ದಂಡಿಸುವುದನ್ನು ಶರಣರು ಒಪ್ಪಲಿಲ್ಲ. ಅದನ್ನು ಭೋಗದ ವಶಕ್ಕೆ ಬಿಟ್ಟುಕೊಡುವುದನ್ನೂ ಒಪ್ಪಲಿಲ್ಲ. ಹನ್ನೆರಡನೆಯ ಶತಮಾನದ ಶರಣ ಸಮೂಹದಲ್ಲಿ ವೈದ್ಯ ಸಂಗಣ್ಣನವರೆಂಬ ಶರಣರಿದ್ದರು. ರೋಗಿಗಳಿಗೆ ಮದ್ದು ಕೊಡುವುದೇ ಅವರ ಕಾಯಕ. ರೋಗ, ಔಷಧ, ಚಿಕಿತ್ಸೆಗಳ ಪರಿಭಾಷೆಯಲ್ಲಿಯೇ ಅವರು ತಮ್ಮ ಅನುಭಾವವನ್ನು ನುಡಿದರು. ಆದುದರಿಂದ ಈ ಅಂಕಣದಲ್ಲಿ ಆರೋಗ್ಯದ ವಿಚಾರ ಬಂದರೆ ಅದು ಧರ್ಮದ ಹೊರಗಿನ ಮಾತೆಂದು ಯಾರೂ ಭಾವಿಸಬೇಕಾಗಿಲ್ಲ.

ಈ ತಿಂಗಳು ಮಧುಮೇಹವುಳ್ಳವರ ಹೃದಯದ ವಿಚಾರವನ್ನು ಎತ್ತಿಕೊಂಡಿದ್ದೇವೆ. ನಾವು ವೈದ್ಯರಲ್ಲ, ವೈದ್ಯರ ಸ್ಥಾನದಲ್ಲಿ ನಿಂತು ಮದ್ದು ಹೇಳುವ ಇಚ್ಛೆಯೂ ನಮಗಿಲ್ಲ. ಬಲ್ಲ ವೈದ್ಯರು ಹೇಳುತ್ತ ಬಂದಿರುವುದನ್ನು, ಪ್ರಕಟವಾದ ಸಂಶೋಧನೆಗಳಿಂದ ಸ್ಥಿರಪಟ್ಟಿರುವುದನ್ನು, ನಮ್ಮ ಮನೆಗಳ ಆಚಾರ ವ್ಯವಹಾರಗಳಿಗೆ ಹೊಂದಿಸಿ ಹೇಳುವುದಷ್ಟೇ ನಮ್ಮ ಕೆಲಸ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ದೇಶವ್ಯಾಪಿ ಅಧ್ಯಯನವೊಂದು ೨೦೨೩ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು ೧೦.೧ ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ ೧೩.೬ ಕೋಟಿ ಜನರು ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಈ ರೋಗ ಇಲ್ಲದ ಮನೆತನವನ್ನು ಇಂದು ಹುಡುಕಬೇಕಾಗಿದೆ. ಇಷ್ಟು ಪರಿಚಿತವಾದ ರೋಗದ ಬಗ್ಗೆಯೂ ಎರಡು ತಪ್ಪು ನಂಬಿಕೆಗಳು ನಮ್ಮಲ್ಲಿ ಬೇರೂರಿವೆ. ಎದೆನೋವು ಬಾರದವರೆಗೆ ಹೃದಯಕ್ಕೆ ಭಯವಿಲ್ಲವೆಂಬುದು ಮೊದಲನೆಯದು. ಸಕ್ಕರೆಯ ಅಂಕಿ ಎಷ್ಟು ಕೆಳಗಿಳಿದರೆ ಅಷ್ಟು ಒಳ್ಳೆಯದೆಂಬುದು ಎರಡನೆಯದು. ಎರಡರಿಂದಲೂ ಪ್ರಾಣಹಾನಿಯಾಗುವ ಸಂಭವವಿದೆ.

ಸುಶ್ರುತರ ಮಾತು

ನಮ್ಮ ಪ್ರಾಚೀನರಿಗೆ ಈ ರೋಗ ಅಪರಿಚಿತವಾಗಿರಲಿಲ್ಲ. ಚರಕ ಮತ್ತು ಸುಶ್ರುತ ಸಂಹಿತೆಗಳಲ್ಲಿ ಪ್ರಮೇಹದ ವಿವರಣೆ ವಿಸ್ತಾರವಾಗಿದೆ. ಮಧುಮೇಹವನ್ನು ಅದರ ಒಂದು ಪ್ರಭೇದವಾಗಿ ಹೇಳಲಾಗಿದೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪ್ರಮೇಹವನ್ನು ಎರಡಾಗಿ ವಿಂಗಡಿಸಿದ್ದಾರೆ. ಹುಟ್ಟಿನಿಂದ ಬಂದದ್ದು ಸಹಜ. ತಪ್ಪು ಆಹಾರ ವಿಹಾರಗಳಿಂದ ಬಂದದ್ದು ಅಪಥ್ಯನಿಮಿತ್ತ. ಮೊದಲನೆಯವನು ಸಾಮಾನ್ಯವಾಗಿ ಕೃಶ. ಎರಡನೆಯವನು ಸ್ಥೂಲ, ಬಹಳ ಉಣ್ಣುವವನು, ಹಾಸಿಗೆ ಆಸನಗಳನ್ನು ಬಿಟ್ಟೇಳದವನು. ಇಂದಿನ ವೈದ್ಯರು ಒಂದನೆಯ ಹಾಗೂ ಎರಡನೆಯ ಮಾದರಿಯ ಮಧುಮೇಹವೆಂದು ಮಾಡುವ ವಿಂಗಡಣೆಗೆ ಇದು ಬಹಳ ಸಮೀಪವಾಗಿದೆ.

ಚಿಕಿತ್ಸೆಯ ವಿಷಯದಲ್ಲಿ ಸುಶ್ರುತರು ಹೇಳುವ ಎರಡು ಮಾತುಗಳು ಮನನೀಯವಾಗಿವೆ. ಶಕ್ತಿಯುಳ್ಳ ರೋಗಿಯು ನೂರು ಯೋಜನ ನಡೆಯಲಿ, ಬಾವಿಯನ್ನಾದರೂ ತೋಡಲಿ ಎಂಬುದು ಒಂದು. ಕೃಶನಾದವನನ್ನು ಮಾತ್ರ ಸದಾ ರಕ್ಷಿಸಬೇಕು ಎಂಬುದು ಮತ್ತೊಂದು. ಒಂದೇ ರೋಗಕ್ಕೆ ಒಬ್ಬನಿಗೆ ದುಡಿಮೆ, ಇನ್ನೊಬ್ಬನಿಗೆ ರಕ್ಷಣೆ. ಚಿಕಿತ್ಸೆಯ ಕಟ್ಟುನಿಟ್ಟು ರೋಗಿಯ ಶಕ್ತಿಯನ್ನು ನೋಡಿ ನಿರ್ಧಾರವಾಗಬೇಕೆಂಬ ಈ ವಿವೇಕವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಹೇಳಲಿರುವ ಆಧುನಿಕ ಸಂಶೋಧನೆಗಳು ಇದೇ ಹಾದಿಗೆ ಬಂದು ಸೇರುತ್ತವೆ.

ಹೃದಯಕ್ಕೆ ಬರುವ ಮೂರು ಬಗೆಯ ಕೇಡು

ಹೃದಯವೆಂಬುದು ಒಂದು ಮುಷ್ಟಿಯಷ್ಟು ಗಾತ್ರದ ಮಾಂಸಖಂಡ. ನಿಮಿಷಕ್ಕೆ ಸುಮಾರು ೭೦ ಸಲದಂತೆ, ದಿನಕ್ಕೆ ಒಂದು ಲಕ್ಷ ಸಲ ಅದು ಮಿಡಿಯುತ್ತದೆ. ಇಡೀ ದೇಹಕ್ಕೆ ರಕ್ತವನ್ನು ಕಳಿಸುವ ಅದಕ್ಕೂ ತನ್ನ ಪಾಲಿನ ರಕ್ತ ಬೇಕು. ಅದನ್ನು ತಲುಪಿಸುವವು ಹೃದಯದ ಮೇಲೆಯೇ ಹಬ್ಬಿರುವ ಕಿರೀಟ ಧಮನಿಗಳು.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ಈ ಧಮನಿಗಳ ಒಳಪದರ ಕೆಡುತ್ತದೆ. ಅಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ಒಂದು ದಿನ ಆ ಕೊಬ್ಬಿನ ಗಂಟು ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ, ದಾರಿ ಮುಚ್ಚಿಹೋದರೆ ಅದೇ ಹೃದಯಾಘಾತ. ಇದು ಮೊದಲನೆಯ ಕೇಡು. ಇದನ್ನು ಎಲ್ಲರೂ ಬಲ್ಲರು.

ಎರಡನೆಯ ಕೇಡು ಹೃದಯದ ಸ್ನಾಯುವಿಗೇ ಬರುತ್ತದೆ. ೧೯೭೨ರಲ್ಲಿ ಅಮೆರಿಕದ ರೂಬ್ಲರ್ ಮತ್ತು ಸಂಗಡಿಗರು ಹೃದಯ ಸೋತು ತೀರಿಕೊಂಡ ನಾಲ್ವರು ಮಧುಮೇಹಿಗಳ ವಿವರವನ್ನು ಪ್ರಕಟಿಸಿದರು. ಅವರ ಹೃದಯ ದುರ್ಬಲವಾಗಿತ್ತು, ಆದರೆ ಕಿರೀಟ ಧಮನಿಗಳಲ್ಲಿ ಅದಕ್ಕೆ ತಕ್ಕ ಅಡ್ಡಿಯೇನೂ ಇರಲಿಲ್ಲ. ಮಧುಮೇಹವು ಹೃದಯದ ಸ್ನಾಯುವನ್ನು ನೇರವಾಗಿಯೂ ಕೆಡಿಸಬಲ್ಲದೆಂಬ ವಿಚಾರಕ್ಕೆ ಅಲ್ಲಿಂದ ಬಲ ಬಂದಿತು. ಹೆಚ್ಚಿನ ಸಕ್ಕರೆಯು ಸ್ನಾಯುವಿನ ನಡುವಣ ನಾರುಗಳಿಗೆ ಅಂಟಿ ಅವುಗಳನ್ನು ಬಿರುಸಾಗಿಸುತ್ತದೆ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿದ್ದಾಗ ಹೃದಯವು ಸಕ್ಕರೆಯನ್ನು ಬಿಟ್ಟು ಕೊಬ್ಬನ್ನೇ ಹೆಚ್ಚಾಗಿ ಉರಿಸುತ್ತದೆ. ಅದಕ್ಕೆ ಆಮ್ಲಜನಕವೂ ಹೆಚ್ಚು ಬೇಕಾಗುತ್ತದೆ. ಹೀಗೆ ಬಿರುಸಾದ ಹೃದಯ ಗಟ್ಟಿಯಾಗಿ ಹಿಂಡಬಲ್ಲದು, ಆದರೆ ಸಡಿಲಗೊಂಡು ತುಂಬಿಕೊಳ್ಳಲಾರದು. ಎಕೋ ಪರೀಕ್ಷೆಯಲ್ಲಿ ಪಂಪು ಮಾಡುವ ಪ್ರಮಾಣ ಶೇಕಡಾ ೫೫ ಅಥವಾ ೬೦ ಎಂದು ಸರಿಯಾಗಿಯೇ ಬರುತ್ತದೆ. ಆದರೂ ರೋಗಿಗೆ ಮಹಡಿ ಹತ್ತುವಾಗ ಉಸಿರು ಕಟ್ಟುತ್ತದೆ. ಇಂಥವರಿಗೆ "ವಯಸ್ಸಾಯಿತು, ಅದಕ್ಕೇ ದಣಿವು" ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಆ ಸಮಾಧಾನದಲ್ಲಿ ಅಮೂಲ್ಯವಾದ ಕಾಲ ಕಳೆದುಹೋಗುತ್ತದೆ.

ಮೂರನೆಯ ಕೇಡು ನರಗಳದು. ಪಾದಗಳು ಜೋಮು ಹಿಡಿದು ಚಪ್ಪಲಿ ಜಾರಿದ್ದೂ ತಿಳಿಯದ ಮಧುಮೇಹಿಗಳನ್ನು ಎಲ್ಲರೂ ಕಂಡಿದ್ದೇವೆ. ಅದೇ ರೀತಿ ಹೃದಯಕ್ಕೆ ಹೋಗುವ ನರಗಳೂ ಕೆಡುತ್ತವೆ. ಆಗ ವಿಶ್ರಾಂತಿಯಲ್ಲಿಯೂ ನಾಡಿ ವೇಗವಾಗಿರುತ್ತದೆ, ಎದ್ದು ನಿಂತೊಡನೆ ರಕ್ತದೊತ್ತಡ ಕುಸಿದು ತಲೆ ತಿರುಗುತ್ತದೆ. ಎಲ್ಲಕ್ಕಿಂತ ಮಿಗಿಲಾದ ಅಪಾಯವೆಂದರೆ, ಹೃದಯದ ನೋವು ರೋಗಿಗೆ ಮುಟ್ಟದೇ ಹೋಗುತ್ತದೆ.

ನೋವಿಲ್ಲದ ಆಘಾತ

ಎದೆಯ ನಡುವೆ ಹಿಂಡಿದಂಥ ನೋವು, ಎಡಗೈಗೆ ಸೆಳೆತ: ಹೃದಯಾಘಾತವೆಂದರೆ ಇದೇ ಎಂದು ನಾವು ಕೇಳುತ್ತ ಬಂದಿದ್ದೇವೆ. ಮಧುಮೇಹಿಗಳಲ್ಲಿ ಅನೇಕರಿಗೆ ಹೀಗಾಗುವುದಿಲ್ಲ. ಕಾರಣವಿಲ್ಲದೆ ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ವಾಕರಿಕೆ, ದವಡೆಯ ಅಥವಾ ಬೆನ್ನಿನ ನೋವು, ಹೇಳಲಾರದ ಸುಸ್ತು, ಇವುಗಳ ರೂಪದಲ್ಲಿಯೇ ಆಘಾತ ಬರಬಹುದು. ಕೆಲವರಿಗೆ ಇಷ್ಟೂ ಇರುವುದಿಲ್ಲ. ಬೇರೆ ಕಾರಣಕ್ಕೆ ಇಸಿಜಿ ಮಾಡಿಸಿದಾಗ, ಹಿಂದೆಂದೋ ಆಘಾತವಾಗಿ ಹೋಗಿದೆಯೆಂದು ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ಇಂಥ ಲಕ್ಷಣ ಕಂಡರೆ ಮೊದಲು ಬರುವ ಮಾತು "ಗ್ಯಾಸ್ ಆಗಿರಬೇಕು" ಎಂಬುದು. ಸೋಡಾ ಕುಡಿಸುವುದು, ಓಮಿನ ಕಾಳು ಅಗಿಯಲು ಕೊಡುವುದು, ಬೆನ್ನು ತಿಕ್ಕುವುದು, ಬೆಳಗಾಗಲೆಂದು ಕಾಯುವುದು, ಹೀಗೆ ರಾತ್ರಿ ಕಳೆಯುತ್ತದೆ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದು ಮೊದಲ ಕೆಲವು ಗಂಟೆಗಳಲ್ಲಿ ಕೊಟ್ಟಷ್ಟೂ ಫಲಕಾರಿ. ೧೨ ಗಂಟೆ ಕಳೆದ ಮೇಲೆ ಅದರ ಪ್ರಯೋಜನ ಅತ್ಯಲ್ಪ. ನಮ್ಮ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇಸಿಜಿ ತೆಗೆದು, ತಜ್ಞರಿಗೆ ಕಳಿಸಿ, ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಾಗಿದೆ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆಗಳು ಬೆಂಗಳೂರಿನಲ್ಲಷ್ಟೇ ಅಲ್ಲದೆ ಮೈಸೂರು, ಕಲಬುರಗಿಗಳಲ್ಲಿಯೂ ಇವೆ. ಆದುದರಿಂದ ಮನೆಯಲ್ಲಿ ಮಧುಮೇಹಿಗೆ ಇಂಥ ಲಕ್ಷಣ ಕಂಡೊಡನೆ ೧೦೮ಕ್ಕೆ ಕರೆ ಮಾಡಿ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ಯಾಸ್ ಎಂದು ತಿಳಿದರೆ ಮರಳಿ ಮನೆಗೆ ಬಂದರಾಯಿತು. ಅದರಿಂದ ನಷ್ಟವೇನೂ ಇಲ್ಲ.

ಹೃದಯ ನಿಧಾನವಾಗಿ ಸೋಲುತ್ತಿರುವುದಕ್ಕೆ ಬೇರೆ ಗುರುತುಗಳಿವೆ. ಸಂಜೆಯ ಹೊತ್ತಿಗೆ ಕಾಲು ಬಾವು ಬರುವುದು, ಮೂರು ದಿನಗಳಲ್ಲಿ ಎರಡು ಕಿಲೋ ತೂಕ ಏರುವುದು, ಮಲಗಲು ಒಂದು ದಿಂಬಿನ ಜಾಗದಲ್ಲಿ ಎರಡು ಮೂರು ಬೇಕಾಗುವುದು, ನಡುರಾತ್ರಿ ಉಸಿರು ಕಟ್ಟಿ ಎದ್ದು ಕೂರುವುದು. ಇವುಗಳಲ್ಲಿ ಯಾವುದು ಕಂಡರೂ ವೈದ್ಯರಿಗೆ ತಿಳಿಸಲು ತಡಮಾಡಬಾರದು.

ಹತೋಟಿ ಎಂದರೆ ಎಷ್ಟು?

ಸಕ್ಕರೆಯನ್ನು ಹತೋಟಿಯಲ್ಲಿಟ್ಟರೆ ಹೃದಯ ಉಳಿಯುವುದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಲೋಕಕ್ಕೆ ಹಲವು ದಶಕಗಳೇ ಹಿಡಿದವು.

ಮೊದಲು ಅಳತೆಯ ಮಾತು. ಬೆಳಗ್ಗೆ ಒಂದು ದಿನ ಮಾಡಿಸಿದ ಪರೀಕ್ಷೆ ಆ ಹೊತ್ತಿನ ಸಕ್ಕರೆಯನ್ನಷ್ಟೇ ಹೇಳುತ್ತದೆ. ಪರೀಕ್ಷೆಗೆ ಎರಡು ದಿನ ಮೊದಲು ಸಿಹಿ ಬಿಟ್ಟು ಹೋದವರ ಅಂಕಿ ಚೆನ್ನಾಗಿಯೇ ಬರುತ್ತದೆ. ಎಚ್‌ಬಿಎ೧ಸಿ ಎಂಬ ಪರೀಕ್ಷೆಯ ಮುಂದೆ ಈ ಜಾಣ್ಮೆ ನಡೆಯದು. ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ. ಅದರೊಳಗಿನ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆಯೆಂದು ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ೫.೭ಕ್ಕಿಂತ ಕಡಿಮೆಯಿದ್ದರೆ ಸಹಜ, ೬.೫ ಮತ್ತು ಅದರ ಮೇಲೆ ಮಧುಮೇಹ. ರಕ್ತಹೀನತೆ ಇರುವವರಲ್ಲಿ ಈ ಅಂಕಿ ಹೆಚ್ಚುಕಡಿಮೆಯಾಗಬಹುದಾದ್ದರಿಂದ ಅದನ್ನೂ ವೈದ್ಯರಿಗೆ ತಿಳಿಸಬೇಕು.

ಇಂಗ್ಲೆಂಡಿನಲ್ಲಿ ೧೯೭೭ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನವನ್ನು ಯುಕೆಪಿಡಿಎಸ್ ಎಂದು ಕರೆಯುತ್ತಾರೆ. ಹೊಸದಾಗಿ ಮಧುಮೇಹ ಕಂಡ ೫,೧೦೨ ಜನರು ಅದರಲ್ಲಿದ್ದರು. ೧೯೯೮ರಲ್ಲಿ ಫಲಿತಾಂಶ ಬಂದಾಗ, ಬಿಗಿಯಾದ ಹತೋಟಿಯಲ್ಲಿದ್ದವರ ಎಚ್‌ಬಿಎ೧ಸಿ ೭.೦, ಉಳಿದವರದು ೭.೯ ಇತ್ತು. ಕಣ್ಣು, ಮೂತ್ರಪಿಂಡ ಮೊದಲಾದ ಸೂಕ್ಷ್ಮ ರಕ್ತನಾಳಗಳ ತೊಂದರೆ ಶೇಕಡಾ ೨೫ರಷ್ಟು ತಗ್ಗಿತ್ತು. ಹೃದಯಾಘಾತವೂ ತಗ್ಗಿದಂತೆ ಕಂಡರೂ ಅದನ್ನು ಖಚಿತವಾಗಿ ಹೇಳುವಂತಿರಲಿಲ್ಲ. ಅಧ್ಯಯನ ಮುಗಿದ ಒಂದು ವರ್ಷದಲ್ಲಿಯೇ ಎರಡೂ ಗುಂಪಿನವರ ಸಕ್ಕರೆ ಸಮಸಮವಾಯಿತು. ಹಾಗಿದ್ದರೂ ಅವರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದಾಗ, ಮೊದಲು ಬಿಗಿಯಾಗಿದ್ದವರಲ್ಲಿ ಹೃದಯಾಘಾತ ಶೇಕಡಾ ೧೫ರಷ್ಟು ಕಡಿಮೆಯಾಗಿತ್ತೆಂದು ೨೦೦೮ರಲ್ಲಿ ಪ್ರಕಟವಾಯಿತು. ರೋಗ ಕಂಡ ಮೊದಲ ವರ್ಷಗಳಲ್ಲಿ ಇಟ್ಟುಕೊಂಡ ನೇಮವು ಹೃದಯದಲ್ಲಿ ಗಂಟಿನ ಹಣದಂತೆ ಉಳಿದಿತ್ತು. "ಈಗಷ್ಟೇ ಬಂದಿದೆ, ಮುಂದೆ ನೋಡಿಕೊಂಡರಾಯಿತು" ಎನ್ನುವ ನಲವತ್ತರ ಹರೆಯದವರು ಇದನ್ನು ಎರಡು ಸಲ ಓದಬೇಕು.

ಅದೇ ೨೦೦೮ರಲ್ಲಿ ಮತ್ತೊಂದು ಸುದ್ದಿಯೂ ಬಂದಿತು. ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆಯುತ್ತಿದ್ದ ಅಕಾರ್ಡ್ ಎಂಬ ಅಧ್ಯಯನದಲ್ಲಿ ೧೦,೨೫೧ ಜನರಿದ್ದರು. ಅವರ ಸರಾಸರಿ ವಯಸ್ಸು ೬೨. ಬಹುಕಾಲದಿಂದ ಮಧುಮೇಹವಿದ್ದವರು, ಹೃದ್ರೋಗವೋ ಅದರ ಅಪಾಯವೋ ಇದ್ದವರು. ಅರ್ಧ ಜನರ ಎಚ್‌ಬಿಎ೧ಸಿಯನ್ನು ೬ಕ್ಕಿಂತ ಕೆಳಗಿಳಿಸಲು ಹಲವು ಮದ್ದುಗಳನ್ನು ಕೂಡಿಸಿ ಕೊಡಲಾಯಿತು. ಉಳಿದವರದನ್ನು ೭ರಿಂದ ೭.೯ರ ನಡುವೆ ಇಡಲಾಯಿತು. ಬಿಗಿ ಗುಂಪಿನಲ್ಲಿ ೨೫೭ ಜನ, ಇನ್ನೊಂದರಲ್ಲಿ ೨೦೩ ಜನ ತೀರಿಕೊಂಡರು. ಸಕ್ಕರೆಯನ್ನು ಹೆಚ್ಚು ಇಳಿಸಿದ ಕಡೆಯೇ ಸಾವು ಹೆಚ್ಚಾಗಿದ್ದುದನ್ನು ಕಂಡು ಆ ಬಿಗಿ ಚಿಕಿತ್ಸೆಯನ್ನು ನಡುವೆಯೇ ನಿಲ್ಲಿಸಿದರು.

ಎರಡು ಅಧ್ಯಯನಗಳೂ ಸತ್ಯವನ್ನೇ ಹೇಳುತ್ತಿವೆ. ಹೊಸ ರೋಗಿಗೆ, ಶಕ್ತಿಯುಳ್ಳವನಿಗೆ ಬಿಗಿಯಾದ ನೇಮ. ಹಳೆಯ ರೋಗಿಗೆ, ಹೃದಯ ಬಳಲಿದವನಿಗೆ, ಕೃಶನಿಗೆ ರಕ್ಷಣೆ. ಸುಶ್ರುತರ ವಿವೇಕಕ್ಕೆ ನಾವು ಮರಳಿದಂತಾಯಿತು. ಬಹುಮಂದಿ ವಯಸ್ಕರಿಗೆ ಎಚ್‌ಬಿಎ೧ಸಿ ೭ರ ಆಸುಪಾಸು, ವೃದ್ಧರಿಗೆ ಹಾಗೂ ಬೇರೆ ಕಾಯಿಲೆಗಳಿಂದ ಬಳಲುವವರಿಗೆ ೮ರ ಆಸುಪಾಸು ಇದ್ದರೂ ಸಾಕೆಂದು ವೈದ್ಯರು ಇಂದು ಹೇಳುತ್ತಾರೆ. ನಿಮಗೆ ಎಷ್ಟೆಂಬುದನ್ನು ನಿಮ್ಮ ವೈದ್ಯರಿಂದಲೇ ಕೇಳಿ ತಿಳಿಯಬೇಕು. ನೆರೆಮನೆಯವರ ಅಂಕಿಯೊಡನೆ ಪೈಪೋಟಿ ಬೇಡ.

ಸಕ್ಕರೆಯ ಜೊತೆಗೆ ಮತ್ತೇನು?

ಸಕ್ಕರೆಯೊಂದನ್ನೇ ನೋಡುತ್ತ ಕುಳಿತರೆ ಹೃದಯ ಉಳಿಯದು. ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿಯೇ ರಕ್ತದೊತ್ತಡದ ವಿಚಾರವನ್ನೂ ಪರೀಕ್ಷಿಸಿದರು. ಸರಾಸರಿ ೧೫೪/೮೭ ಇದ್ದವರಿಗೆ ಹೋಲಿಸಿದರೆ ೧೪೪/೮೨ಕ್ಕೆ ಇಳಿದವರಲ್ಲಿ ಪಾರ್ಶ್ವವಾಯು ಶೇಕಡಾ ೪೪ರಷ್ಟು, ಹೃದಯ ಸೋಲುವುದು ಶೇಕಡಾ ೫೬ರಷ್ಟು ತಗ್ಗಿತು. ಡೆನ್ಮಾರ್ಕಿನ ಸ್ಟೆನೊ ಕೇಂದ್ರದಲ್ಲಿ ೧೬೦ ಮಧುಮೇಹಿಗಳ ಮೇಲೆ ನಡೆದ ಅಧ್ಯಯನ ೨೦೦೩ರಲ್ಲಿ ಪ್ರಕಟವಾಯಿತು. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್, ಆಹಾರ, ವ್ಯಾಯಾಮ, ಧೂಮಪಾನ ಬಿಡುವುದು, ಇವೆಲ್ಲವನ್ನೂ ಒಟ್ಟಿಗೆ ಹಿಡಿದವರಲ್ಲಿ ಹೃದಯ ಮತ್ತು ರಕ್ತನಾಳಗಳ ಅನಾಹುತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು.

ಮದ್ದುಗಳಲ್ಲಿಯೂ ಹೃದಯದ ಹಿತ ನೋಡಬೇಕಾಗುತ್ತದೆ. ೨೦೧೫ರಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯ ಅಧ್ಯಯನ ಪ್ರಕಟವಾಯಿತು. ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವ ಈ ಮಾತ್ರೆಯಿಂದ, ಹೃದ್ರೋಗವಿರುವ ಮಧುಮೇಹಿಗಳು ಹೃದಯ ಸೋತು ಆಸ್ಪತ್ರೆ ಸೇರುವುದು ಶೇಕಡಾ ೩೫ರಷ್ಟು ಕಡಿಮೆಯಾಯಿತು. ಅದೇ ವರ್ಗದ ಡಾಪಾಗ್ಲಿಫ್ಲೋಜಿನ್ ಮಧುಮೇಹವಿಲ್ಲದ ಹೃದ್ರೋಗಿಗಳಿಗೂ ಸಹಾಯಕವೆಂದು ೨೦೧೯ರಲ್ಲಿ ಕಂಡುಬಂದಿತು. ಈಗ ಇವೆರಡನ್ನೂ ನಮ್ಮ ದೇಶದ ಹಲವು ಕಂಪನಿಗಳು ಕಡಿಮೆ ಬೆಲೆಗೆ ತಯಾರಿಸುತ್ತಿವೆ. ಇದಕ್ಕೆ ವಿರುದ್ಧವಾಗಿ, ಪಯೋಗ್ಲಿಟಾಜೋನ್ ಎಂಬ ಹಳೆಯ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುವುದರಿಂದ ಸೋತ ಹೃದಯಕ್ಕೆ ಅದು ಆಗದು. ಹಳೆಯ ಚೀಟಿಯನ್ನೇ ಹಿಡಿದು ವರ್ಷಗಟ್ಟಲೆ ಔಷಧದ ಅಂಗಡಿಯಿಂದ ಮಾತ್ರೆ ತರುತ್ತಿರುವವರು ಒಮ್ಮೆ ವೈದ್ಯರ ಮುಂದೆ ಎಲ್ಲ ಮಾತ್ರೆಗಳನ್ನೂ ಇಟ್ಟು, "ನನ್ನ ಹೃದಯಕ್ಕೆ ಇವು ಸರಿಯೇ?" ಎಂದು ಕೇಳುವುದು ಒಳಿತು.

ಪೂಜೆ, ಉಪವಾಸ, ಪ್ರಸಾದ

ಈಗ ನಮ್ಮ ಮನೆಗಳಿಗೇ ಸೇರಿದ ವಿಚಾರಕ್ಕೆ ಬರುತ್ತೇವೆ. ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರೂ ಹಾಕದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಅವರ ನಿಷ್ಠೆಗೆ ನಮ್ಮ ಶರಣು. ಆದರೆ ಎದ್ದೊಡನೆ ಮಾತ್ರೆ ನುಂಗಿ ಅಥವಾ ಇನ್ಸುಲಿನ್ ಚುಚ್ಚಿಕೊಂಡು, ಅನಂತರ ಸ್ನಾನ, ಪೂಜೆ, ಪಾರಾಯಣಗಳಲ್ಲಿ ಎರಡು ಗಂಟೆ ಕಳೆಯುವುದು ಅಪಾಯಕರ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳೂ ಇನ್ಸುಲಿನ್ನೂ ಹೊಟ್ಟೆಯಲ್ಲಿ ಅನ್ನವಿರಲಿ ಬಿಡಲಿ ಸಕ್ಕರೆಯನ್ನು ಇಳಿಸುತ್ತವೆ. ಸಕ್ಕರೆ ೭೦ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆ ಡವಗುಟ್ಟುವಿಕೆ, ಮಂಕು ಕವಿಯುವಿಕೆ ಕಾಣುತ್ತವೆ. ಆಗ ಹೃದಯದ ಬಡಿತದ ಲಯ ತಪ್ಪುವ ಭಯವೂ ಉಂಟು. ಮೊದಲೇ ಬಳಲಿದ ಹೃದಯ ಅದನ್ನು ತಾಳದು. ರಕ್ತದೊತ್ತಡಕ್ಕಾಗಿ ಅಟೆನೊಲಾಲ್, ಮೆಟೊಪ್ರೊಲಾಲ್ ಜಾತಿಯ ಮಾತ್ರೆ ನುಂಗುವವರಿಗೆ ನಡುಕ, ಎದೆಬಡಿತಗಳು ತಿಳಿಯದೇ ಹೋಗಬಹುದು. ಬೆವರೊಂದೇ ಅವರಿಗೆ ಸೂಚನೆ.

ಇದಕ್ಕೆ ಪರಿಹಾರ ಸುಲಭವಾಗಿದೆ. ಮೊದಲು ಪೂಜೆ, ಅನಂತರ ಮಾತ್ರೆ, ಅದರ ಬೆನ್ನಿಗೇ ಪ್ರಸಾದ. ವೈದ್ಯರನ್ನು ಕೇಳಿ ಮದ್ದಿನ ಹೊತ್ತನ್ನು ಹೀಗೆ ಹೊಂದಿಸಿಕೊಳ್ಳಬಹುದು. ಪಾರಾಯಣ ದೀರ್ಘವಾಗಿದ್ದರೆ ಅದನ್ನು ಸಂಜೆಗೆ ಇಟ್ಟುಕೊಳ್ಳಲಿ. ಪೂಜೆಯ ನಡುವೆ ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ ಕುಡಿಯಬೇಕು. ಇದರಿಂದ ಪೂಜೆಗೆ ಭಂಗ ಬಂದಿತೆಂದು ನೊಂದುಕೊಳ್ಳುವ ಕಾರಣವಿಲ್ಲ. ಪೂಜಿಸುವ ಅಂಗವನ್ನು ಉಳಿಸಿಕೊಳ್ಳುವುದೂ ಪೂಜೆಯ ಭಾಗವೇ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯದೆ ಆಸ್ಪತ್ರೆಗೆ ಒಯ್ಯಬೇಕು.

ಶಿವರಾತ್ರಿಯ ಉಪವಾಸ, ಶ್ರಾವಣ ಸೋಮವಾರದ ಒಪ್ಪೊತ್ತು ಮೊದಲಾದವುಗಳಿಗೂ ಇದೇ ಮಾತು ಸಲ್ಲುತ್ತದೆ. ವೈದ್ಯರನ್ನು ಕೇಳದೆ ಉಪವಾಸ ಬೇಡ. ಮೇಲೆ ಹೇಳಿದ ಹೊಸ ಮಾತ್ರೆಗಳನ್ನು ನುಂಗುವವರು ನಿರಾಹಾರವಿದ್ದರೆ ರಕ್ತದಲ್ಲಿ ಆಮ್ಲ ಸೇರಿ ವಿಪರೀತವಾಗಬಹುದು. ಉಪವಾಸವೆಂದು ಹಗಲೆಲ್ಲ ಸಾಬೂದಾಣಿ ಖಿಚಡಿ, ಖರ್ಜೂರ, ಬಾಳೆಹಣ್ಣು ತಿನ್ನುವವರಿಗೆ ಸಕ್ಕರೆ ಇಳಿಯುವ ಬದಲು ಏರುವುದೇ ಹೆಚ್ಚು.

ಪ್ರಸಾದದ ವಿಷಯದಲ್ಲಿ ಭಕ್ತರಿಗೆ ಇನ್ನೊಂದು ಸಂಕಟವುಂಟು. ಬೇಡವೆಂದರೆ ಪ್ರಸಾದವನ್ನು ತಿರಸ್ಕರಿಸಿದಂತೆ. ತಟ್ಟೆಯಲ್ಲಿ ಬಿಟ್ಟರೆ ಅಪಚಾರ. ಹೀಗಾಗಿ ಜಾತ್ರೆಯ ದಾಸೋಹದಲ್ಲಿ ಗೋಧಿ ಹುಗ್ಗಿಯನ್ನೋ ಮಾದಲಿಯನ್ನೋ ಬಡಿಸಿದಷ್ಟೂ ಉಂಡು ಏಳುತ್ತಾರೆ. ಪ್ರಸಾದದ ಮಹಿಮೆ ಅಳತೆಯಲ್ಲಿಲ್ಲ, ಸ್ವೀಕರಿಸುವ ಭಾವದಲ್ಲಿದೆ. ಬಡಿಸುವ ಮೊದಲೇ ಕೈ ಅಡ್ಡ ಹಿಡಿದು, ಒಂದು ತುತ್ತಿನಷ್ಟು ಮಾತ್ರ ಹಾಕಿಸಿಕೊಂಡು, ಕಣ್ಣಿಗೊತ್ತಿಕೊಂಡು ಸ್ವೀಕರಿಸಿದರೆ ಭಕ್ತಿಗೆ ಯಾವ ಕೊರತೆಯೂ ಇಲ್ಲ. ಬಡಿಸುವವರೂ "ಒಂದು ದಿನಕ್ಕೆ ಏನಾಗುತ್ತದೆ ಯಜಮಾನರೆ" ಎಂದು ಒತ್ತಾಯ ಮಾಡುವುದನ್ನು ಬಿಡಬೇಕು. ದಾಸೋಹದ ಹೊಣೆ ಹೊತ್ತವರು ಸಿಹಿಯ ಜೊತೆಗೆ ಹೆಸರುಕಾಳಿನ ಉಸುಳಿ, ಸೊಪ್ಪಿನ ಪಲ್ಯ, ನೀರು ಮಜ್ಜಿಗೆಗಳನ್ನೂ ಇಡಿಸಿದರೆ ಎಷ್ಟೋ ಹಿರಿಯರಿಗೆ ಉಪಕಾರವಾದೀತು.

ಮನೆಯ ಊಟ

ಬೆಲ್ಲದಿಂದ ತೊಂದರೆಯಿಲ್ಲ, ಸಕ್ಕರೆ ಮಾತ್ರ ಕೆಟ್ಟದ್ದೆಂಬ ನಂಬಿಕೆ ಸರಿಯಲ್ಲ. ರಕ್ತಕ್ಕೆ ಸೇರಿದ ಮೇಲೆ ಬೆಲ್ಲ, ಸಕ್ಕರೆ, ಜೇನುಗಳಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲ. ಜೋಳದ ರೊಟ್ಟಿ, ರಾಗಿ ಮುದ್ದೆಗಳು ಬಿಳಿ ಅನ್ನಕ್ಕಿಂತ ಮೇಲು. ಆದರೂ ಅವು ಪಿಷ್ಟವೇ. ನಾಲ್ಕು ರೊಟ್ಟಿಯ ಮೇಲೆ ಅನ್ನವನ್ನೂ ಉಂಡರೆ ಲಾಭವಿಲ್ಲ. ತಟ್ಟೆಯ ಅರ್ಧ ಭಾಗ ಪಲ್ಯ, ಸೊಪ್ಪು, ಹಸಿ ಸೌತೆ, ಮೂಲಂಗಿಗಳಿರಲಿ; ಕಾಲು ಭಾಗ ಕಾಳು ಬೇಳೆ; ಉಳಿದ ಕಾಲು ಭಾಗಕ್ಕೆ ರೊಟ್ಟಿ ಅಥವಾ ಅನ್ನ.

ಹೃದಯಕ್ಕೆ ಉಪ್ಪಿನ ಮಾತು ಮುಖ್ಯವಾದುದು. ದಿನಕ್ಕೆ ಒಂದು ಚಿಕ್ಕ ಚಮಚ, ಅಂದರೆ ೫ ಗ್ರಾಮಿಗಿಂತ ಕಡಿಮೆ ಇರಬೇಕು. ನಮ್ಮ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪು ಮೆಣಸಿನಕಾಯಿಗಳ ಮೂಲಕವೇ ಅದಕ್ಕಿಂತ ಹೆಚ್ಚು ಸೇರಿಹೋಗುತ್ತದೆ.

ನಡಿಗೆಯಂತೂ ಇರಲೇಬೇಕು. ದುಡಿಯುವ ಸ್ನಾಯು ಇನ್ಸುಲಿನ್ನಿಗಾಗಿ ಕಾಯದೆ ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ವಾರಕ್ಕೆ ೧೫೦ ನಿಮಿಷ ಚುರುಕಾದ ನಡಿಗೆ, ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲನೆಯ ಓಡಾಟ ಇದ್ದರೆ ಬಹಳ ಗುಣ ಕಾಣುತ್ತದೆ. ಹೊಲದ ಕೆಲಸವನ್ನು ಆಳುಗಳಿಗೆ, ಮನೆಯ ಕೆಲಸವನ್ನು ಯಂತ್ರಗಳಿಗೆ ಒಪ್ಪಿಸಿ ಕುಳಿತ ನಾವು, ಕಾಯಕವನ್ನು ಬಾಯಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆಯೇ ಎಂದು ಕೇಳಿಕೊಳ್ಳಬೇಕಾಗಿದೆ. ಹೃದ್ರೋಗವಿರುವವರು ಮಾತ್ರ ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸಬೇಕು.

ತಾಯಂದಿರ ಹೃದಯ

ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ೧೯೪೮ರಿಂದ ಹೃದಯದ ಅಧ್ಯಯನವೊಂದು ನಡೆದುಬಂದಿದೆ. ಅದರ ೧೯೭೪ರ ವರದಿಯಲ್ಲಿ ಒಂದು ಗಮನಾರ್ಹ ಸಂಗತಿಯಿದೆ. ಮಧುಮೇಹವಿಲ್ಲದವರಿಗೆ ಹೋಲಿಸಿದರೆ, ಮಧುಮೇಹವುಳ್ಳ ಗಂಡಸರಲ್ಲಿ ಹೃದಯ ಸೋಲುವುದು ಎರಡು ಪಟ್ಟಿಗಿಂತ ಹೆಚ್ಚು. ಹೆಂಗಸರಲ್ಲಿ ಐದು ಪಟ್ಟು. ಸ್ತ್ರೀಯರಿಗೆ ಹೃದ್ರೋಗದಿಂದ ಪ್ರಕೃತಿ ಕೊಟ್ಟ ಒಂದಿಷ್ಟು ರಕ್ಷಣೆಯನ್ನು ಈ ರೋಗ ಕಿತ್ತುಕೊಳ್ಳುತ್ತದೆ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಯಜಮಾನರ ರಕ್ತಪರೀಕ್ಷೆ ತಪ್ಪದೆ ಆಗುತ್ತದೆ; ಅವರ ಮಾತ್ರೆ ತಪ್ಪದಂತೆ ತಾಯಿಯೇ ನೋಡಿಕೊಳ್ಳುತ್ತಾಳೆ. ಅವಳ ಪರೀಕ್ಷೆಗೆ ಹೊತ್ತೇ ಸಿಕ್ಕುವುದಿಲ್ಲ. ಎಲ್ಲರೂ ಉಂಡ ಮೇಲೆ, ಅದೂ ಮಧ್ಯಾಹ್ನ ಮೂರಕ್ಕೆ, ಉಳಿದದ್ದನ್ನು ಕೆಡಬಾರದೆಂದು ಉಣ್ಣುತ್ತಾಳೆ. ಅವಳ ಸುಸ್ತನ್ನು ಕೆಲಸದ ದಣಿವೆಂದೂ, ಅವಳ ಉಬ್ಬಸವನ್ನು ಮೈ ಬಂದದ್ದರಿಂದ ಎಂದೂ ಎಲ್ಲರೂ ತಿಳಿಯುತ್ತಾರೆ; ಅವಳೂ ಹಾಗೆಯೇ ತಿಳಿಯುತ್ತಾಳೆ. ಸ್ತ್ರೀಯರಿಗೆ ಇಷ್ಟಲಿಂಗದ ಅಧಿಕಾರವನ್ನೂ ಅನುಭವ ಮಂಟಪದಲ್ಲಿ ಆಸನವನ್ನೂ ಕೊಟ್ಟ ಬಸವಣ್ಣನವರ ಅನುಯಾಯಿಗಳ ಮನೆಯಲ್ಲಿ ತಾಯಿಯ ಹೃದಯ ಕೊನೆಯ ಸಾಲಿನಲ್ಲಿ ನಿಲ್ಲಬಾರದು. ಗಂಡುಮಕ್ಕಳೂ ಸೊಸೆಯಂದಿರೂ ಈ ತಿಂಗಳೇ ಅವ್ವನನ್ನು, ಅತ್ತೆಯವರನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಲಿ. ಮೂವತ್ತು ದಾಟಿದ ಎಲ್ಲರಿಗೂ ರಕ್ತದೊತ್ತಡ, ಸಕ್ಕರೆಗಳ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿದೆ.

ಮಧುಮೇಹಿಗಳು ಮೂರರಿಂದ ಆರು ತಿಂಗಳಿಗೊಮ್ಮೆ ಎಚ್‌ಬಿಎ೧ಸಿ, ಪ್ರತಿ ಭೇಟಿಯಲ್ಲಿ ರಕ್ತದೊತ್ತಡ, ವರ್ಷಕ್ಕೊಮ್ಮೆ ಕೊಲೆಸ್ಟರಾಲ್, ಮೂತ್ರದ ಆಲ್ಬುಮಿನ್, ಕ್ರಿಯಾಟಿನಿನ್, ಕಣ್ಣು ಮತ್ತು ಪಾದಗಳ ಪರೀಕ್ಷೆ ಮಾಡಿಸಬೇಕು. ಇಸಿಜಿ, ಎಕೋಗಳನ್ನು ವೈದ್ಯರು ಹೇಳಿದಂತೆ ಮಾಡಿಸಬೇಕು. ಪಂಚಾಂಗದ ಪಕ್ಕದಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ ಅದರಲ್ಲಿ ಈ ಅಂಕಿಗಳನ್ನು ತಾರೀಖಿನೊಡನೆ ಬರೆದಿಡುವ ಕೆಲಸವನ್ನು ಮನೆಯ ಶಾಲಾ ಮಕ್ಕಳಿಗೆ ಒಪ್ಪಿಸಿದರೆ, ಅವರಿಗೂ ತಿಳಿವಳಿಕೆ ಬರುತ್ತದೆ.

ಲಿಂಗಧಾರಣೆ ಒಂದು ದಿನ ಮಾಡಿ ಬಿಡುವ ಆಚರಣೆಯಲ್ಲ. ಅದು ಜೀವಮಾನದ ನೇಮ. ಮಧುಮೇಹಿಯ ಹೃದಯರಕ್ಷಣೆಯೂ ಅಂಥದೇ ಆಗಿದೆ. ಪರೀಕ್ಷೆಯ ಹಿಂದಿನ ದಿನದ ಭಯದಿಂದ ಅದು ಸಾಧ್ಯವಾಗದು, ಹಟದ ಉಪವಾಸದಿಂದಲೂ ಆಗದು. ದಿನದಿನವೂ ಹಿತವಾಗಿ, ಮಿತವಾಗಿ ನಡೆದುಕೊಂಡರೆ ಈ ರೋಗವಿದ್ದೂ ಎಂಬತ್ತರ ವಯಸ್ಸಿನವರೆಗೆ ಕಾಯಕ ಮಾಡುತ್ತ ಬಾಳಬಹುದು. ಸದ್ಭಕ್ತರೆಲ್ಲರಿಗೂ ಅಂಥ ಆಯುರಾರೋಗ್ಯವನ್ನು ಬಸವಾದಿ ಪ್ರಮಥರು ಕರುಣಿಸಲೆಂದು ಹಾರೈಸುತ್ತೇವೆ.